ಮೂರು ಸಾಲು ಕಮ್ಮಿ

ಸ್ವೆಟರಮ್ಮನಿಗೆ ಅನುಮಾನ ಹತ್ತಿದ್ದು ಹೆಣಿಗೆಯಿಂದ. ಮೋಜಿನ ಪಾರ್ಕಿನಲ್ಲಿ ಹಾಡಿಗೆ ಕುಣಿಯುವ ಕಾರಂಜಿಯನ್ನು ಆರು ವರ್ಷದಿಂದ ಒಂದು ಭಾನುವಾರವೂ ತಪ್ಪಿಸಿದವಳಲ್ಲ ಆಕೆ. ಕೈಯಲ್ಲಿ ವರ್ಷದ ಪಾಸು, ಮೂರನೇ ಮೆಟ್ಟಿಲ ತುದಿಯ ಜಾಗ, ಮಡಿಲಲ್ಲಿ ಉಣ್ಣೆಯುಂಡೆ. ಹಾಡು ಶುರುವಾದಾಗ ಕಡ್ಡಿ ಹಿಡಿದರೆ ಮುಗಿಯುವಷ್ಟರಲ್ಲಿ ಇಪ್ಪತ್ತೆರಡು ಸಾಲು, ಬೇಕಾದರೆ ಎಣಿಸಿಕೊಳ್ಳಿ. ಈಗೊಂದು ತಿಂಗಳಿಂದ ಹತ್ತೊಂಬತ್ತಕ್ಕೇ ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು.

"ಹಾಡಿಗೆ ಕತ್ತರಿ ಹಾಕಿದ್ದಾರೆ ಕಣೇ. ನಡುವೆ ಕೊಳಲು ಬರ್ತಿತ್ತಲ್ಲ, ಅದೇ ಇಲ್ಲ," ಎಂದಳು ಮಗಳಿಗೆ. ಮಗಳು ಅದೇ ಪಾರ್ಕಿನ ಆಫೀಸಿನಲ್ಲಿ ಗುಮಾಸ್ತೆ.

"ಯಾವ ಕೊಳಲು? ಇರಲೇ ಇಲ್ಲಮ್ಮ. ನಿನ್ನ ಕೈ ನಿಧಾನ ಆಗಿದೆ ಅಷ್ಟೇ. ಮೊನ್ನೆ ಗ್ಯಾಸ್ ಆರಿಸೋದನ್ನೂ ಮರೆತಿದ್ದೆ."

ಸ್ವೆಟರಮ್ಮ ಸುಮ್ಮನಿರುವ ಪೈಕಿಯೇ? ಸೌಂಡಿನವನನ್ನು ಕೇಳಿದಳು. "ಅದೇ ಹಾಡು ಅಜ್ಜಿ," ಎಂದವನು ತಲೆ ಎತ್ತಲಿಲ್ಲ. ತಲೆ ಎತ್ತದವನ ಮಾತು ನಂಬುವುದು ಹೇಗೆ? ಪಾಸಿನ ಗೆಳತಿಯರನ್ನು ಕೇಳಿದಳು. ಒಬ್ಬಳು ಕೊಳಲಿತ್ತು ಎಂದಳು, ಇನ್ನೊಬ್ಬಳು ಪಿಟೀಲು ಎಂದಳು, ಮೂರನೆಯವಳು ಕಡಲೆ ಬೀಜ ಕೊಟ್ಟಳು.

ಕಡೆಗೆ ಅನುಮಾನ ಅವಳ ಮೇಲೇ ತಿರುಗಿತು. ತೀರಿಕೊಂಡ ಗಂಡ ಹಿಂದೆ ಪಕ್ಕದಲ್ಲಿ ಕೂತು ಆ ಕೊಳಲಿಗೆ ತಲೆದೂಗುತ್ತಿದ್ದುದು ಕಣ್ಣಿಗೆ ಕಟ್ಟಿದಂತಿತ್ತು. ಕೊಳಲೇ ಇರಲಿಲ್ಲವೆಂದರೆ ಅವರು ತಲೆದೂಗಿದ್ದು ಯಾತಕ್ಕೆ? ಅದೂ ತಾನು ಮನಸ್ಸಿನಲ್ಲೇ ಕಟ್ಟಿಕೊಂಡದ್ದೇ? ಹೆದರಿಕೆಯಿಂದ ಊಟ ಸೇರದಾಯಿತು. ಗುರುವಾರ ಮರೆವಿನ ಡಾಕ್ಟರ ಬಳಿ ಹೋಗೋಣವೆಂದು ಮಗಳು ಹೇಳಿದಾಗ ಸುಮ್ಮನೆ ಹೂಂ ಎಂದಳು.

ಬುಧವಾರ ಸಂಜೆ ನಡುಮನೆಯಲ್ಲಿ ಹೆಣೆಯುತ್ತ ಕೂತಿದ್ದಳು. ಒಳಗೆ ಮಗಳು ಪಾತ್ರೆ ಉಜ್ಜುತ್ತ, ಮೈಮರೆತು ಏನೋ ಗುನುಗತೊಡಗಿದಳು. ಮೆಲ್ಲಗೆ ಏರಿ, ಕೊನೆಯಲ್ಲಿ ಬಿಕ್ಕಿದ ಹಾಗೆ ನಿಲ್ಲುವ ರಾಗ. ಅದೇ ಕೊಳಲು, ಚೂರೂ ತಪ್ಪಿಲ್ಲ. ಅದು ನಿಂತಾಗ ಸ್ವೆಟರಮ್ಮ ಕಡ್ಡಿ ನೋಡಿದಳು. ಮೂರು ಸಾಲು ಆಗಿತ್ತು.

ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತಳು. "ಇರಲೇ ಇಲ್ಲ ಅಂದೆಯಲ್ಲ, ಈಗ ಗುನುಗಿದ್ದೇನು?"

ಮಗಳ ಕೈ ನಲ್ಲಿಯ ಕೆಳಗೇ ಉಳಿಯಿತು. "ದಿನಕ್ಕೆ ಒಂದು ಆಟ ಹೆಚ್ಚಿಗೆ ಹಾಕೋಕೆ ಕತ್ತರಿಸಿದ್ರು. ಪಾಸಿನೋರಿಗೆ ಬಾಯಿ ಬಿಡಬಾರದು ಅಂತ ಆರ್ಡರ್. ನೀನು ಹೋಗಿ ಜಗಳ ತೆಗೆದ್ರೆ ನನ್ನ ಕೆಲಸ ಹೋಗ್ತಿತ್ತಮ್ಮ."

"ಅದಕ್ಕೆ ನನ್ನ ತಲೆ ಕೆಟ್ಟಿದೆ ಅಂತ ನನಗೇ ನಂಬಿಸಿದೆ."

ಮಗಳು ಅಳತೊಡಗಿದಳು. ತಲೆ ನೆಟ್ಟಗಿದೆಯಲ್ಲ ಎಂದು ಸ್ವೆಟರಮ್ಮನಿಗೆ ಒಂದು ಗಳಿಗೆ ಜೀವ ಬಂದಂತಾಯಿತು. ಮರುಗಳಿಗೆಯೇ ಅವಳ ಕಣ್ಣು ಒಲೆಯ ಮೇಲೆ ಬಿತ್ತು.

"ಆವತ್ತು ಗ್ಯಾಸ್ ಆರಿಸದೆ ಬಂದದ್ದು ನಾನೇನಾ?"

"ನೀನೇ ಅಮ್ಮ, ನಿನ್ನಾಣೆಗೂ."

ಅದು ನಿಜವೂ ಇದ್ದೀತು. ಆದರೆ ಮಗಳ ಮಾತು ನಂಬುವುದು ಸ್ವೆಟರಮ್ಮನ ಕೈಯಲ್ಲಿ ಇನ್ನು ಆಗುವಂತಿರಲಿಲ್ಲ.