ಶರಣಮ್ಮನ ಕೆಂಪು ಚಹಾ

ಬಿಸಿ ಇದೆ, ಅಷ್ಟಂತೂ ನಿಜ, ತುಟಿಗೆ ತಾಗಿದ್ದು ಬಿಸಿಯೇ, ಆಮೇಲೆ ಬಾಯೊಳಗೆ ಬಂದದ್ದೇನು — ನೀರು, ಬರೀ ನೀರು, ನಲ್ಲಿ ನೀರು ಕಾಯಿಸಿ ಕೊಟ್ಟಿದ್ದರೂ ಹೀಗೇ ಇರುತ್ತಿತ್ತು, ಸೋಮಲಿಂಗಪ್ಪ ಗುಟುಕನ್ನು ನುಂಗದೆ ಎಡದವಡೆಯಿಂದ ಬಲದವಡೆಗೆ ತಿರುಗಿಸಿದ, ಕಣ್ಣು ಮುಚ್ಚಿದ, ಹುಬ್ಬು ಗಂಟಿಕ್ಕಿದ, ಮಡಗಾಂವ್ ಮಾರ್ಕೆಟ್ಟಿಗೆಲ್ಲ ಗೊತ್ತು ಇದು, ಮಸಾಲೆ ಅಂಗಡಿ ಸಾವ್ಕಾರ ಕಣ್ಣು ಮುಚ್ಚಿದರೆ ಲವಂಗ ಹೊಸದೋ ಹಳೆಯದೋ ಹೇಳಿಬಿಡುತ್ತಾನೆ ಅಂತ, ಆಗ ಅದು ನಾಟಕವಾಗಿರಲಿಲ್ಲ, ಈಗ ನಾಟಕವೊಂದೇ ಉಳಿದಿದೆ, ಮತ್ತೆ ಈ ದಣಿವು, ಅಂಗಡಿ ಹಿಂದಿನ ಕೋಣೆಯಲ್ಲಿ ಮೂರು ಜನ ಅವನ ಗಂಟಲನ್ನೇ ನೋಡುತ್ತಿದ್ದಾರೆ, ಬಾಗಿಲಿಗೆ ಒರಗಿ ಮಗ ಪಂಚಾಕ್ಷರಿ, ಸ್ಟೋವಿನ ಹತ್ತಿರ ಸೆರಗು ಸಿಕ್ಕಿಸಿಕೊಂಡು ಸೊಸೆ ಶರಣಮ್ಮ, ಸ್ಟೂಲಿನ ಮೇಲೆ ಕೋಲ್ವಾ ಹೋಟೆಲ್ಲಿನ ಮ್ಯಾನೇಜರು ಜಹಾಂಗೀರ, ಮೂವರ ಬಾಯೂ ಇವತ್ತು ಬಂದ್, ಗಂಡ ಹೆಂಡತಿಗೆ ಶಿವರಾತ್ರಿಯ ಉಪವಾಸ, ಸಂಜೆ ಲಿಂಗಪೂಜೆ ಆಗುವ ತನಕ ಹನಿ ನೀರಿಲ್ಲ, ಜಹಾಂಗೀರನಿಗೆ ರೋಜಾ, ಈ ವರ್ಷ ಶಿವರಾತ್ರಿ ರಂಜಾನಿನ ಒಳಗೇ ಬಂದಿದೆ, ಉಪವಾಸ ಮಾಡದ ಬಾಯಿ ಅಂತ ಇರುವುದು ಗುಳಿಗೆ ನುಂಗುವ ಮುದುಕನದೊಂದೇ, ಎಂಥ ದಿನ ನೋಡಿ ಇಟ್ಟುಕೊಂಡರಪ್ಪ ರುಚಿ ನೋಡುವುದನ್ನು. ನಾಳೆ ನಮ್ಮ ಹೋಟೆಲ್ಲಿನ ಮಾಲಕರು ಮುಂಬೈಗೆ ಹೊಂಟಾರ್ರಿ ಸಾವ್ಕಾರ್ರ, ಇವತ್ತ ಒಯ್ದ ತೋರಸಬೇಕು, ಟೂರಿಸ್ಟ್ ಮಂದಿ ಕುಡಿಯೂಕಿಂತ ಮೊದಲ ಕೇಳತಾರು ಹೆಂಗಿರತೈತಿ ಅಂತ, ನೀವು ಹೇಳಿದ್ದನ್ನ ನಾ ಅವರಿಗೆ ಹೇಳತೇನಿ, ನಿಮ್ಮ ನಾಲಿಗೀನ ನನ್ನ ನಾಲಿಗಿ — ಹುಬ್ಬಳ್ಳಿಯ ಹುಡುಗ ಜಹಾಂಗೀರ, ಹೋಟೆಲ್ಲಿನ ಟೈ ಕಟ್ಟಿದರೂ ಮಾತು ಮಾತ್ರ ಇನ್ನೂ ಅಲ್ಲಿಯದೇ. ಹೆಂಗೈತ್ರಿ ಮಾವಾರ, ಶರಣಮ್ಮ ಕೇಳಿದಳು, ಮೆಲ್ಲಗೆ ಕೇಳಿದಳು, ಅವಳು ಈ ಮನೆಯಲ್ಲಿ ಯಾವಾಗಲೂ ಮೆಲ್ಲಗೇ ಕೇಳುವುದು.

ಹೇಗಿದೆ ಅಂತ ಏನು ಹೇಳಲಿ ತಾಯಿ, ಬಣ್ಣ ಹೇಳಬಲ್ಲೆ, ಕೆಂಪು, ಗಾಜಿನ ಲೋಟದಲ್ಲಿ ಒಳ್ಳೆ ಇಳಕಲ್ ಸೀರೆಯ ಸೆರಗಿನ ಕೆಂಪು, ಒಳಗೆ ಏನೇನಿದೆ ಅಂತಲೂ ಗೊತ್ತು, ಹಾಲಿಲ್ಲ, ಚಹಾಪುಡಿ ಇಲ್ಲ, ಒಣಗಿದ ಮುರುಗಲು ಸಿಪ್ಪೆ, ಕೋಕಂ ಅನ್ನುತ್ತಾರಲ್ಲ ಅದು, ಸಂತ್ರಿ ಸಿಪ್ಪೆ, ಬಿಸಿಲಿಗೆ ಹಾಕಿದ ಅನಾನಸಿನ ಚೂರು, ಶುಂಠಿ, ದಾಲ್ಚಿನ್ನಿ, ಎರಡೇ ಲವಂಗ, ಇದು ಅವಳೇ ಹುಡುಕಿಕೊಂಡ ಹದ, ಹೋದ ತಿಂಗಳು ಸ್ವಲ್ಪ ಮಾಡಿದ್ದಳು, ಜಹಾಂಗೀರ ಕುಡಿದು ಮರುಳಾಗಿ ಹೋಗಿದ್ದ, ಅದಕ್ಕೇ ಇವತ್ತು ಹೋಟೆಲ್ಲಿಗೆ ಅಂತ ಒಣ ಸಾಮಾನನ್ನು ಡಬ್ಬಿ ತುಂಬ ಬೆರೆಸಿದ್ದು, ಸೋಮಲಿಂಗಪ್ಪನಿಗೆ ಮಾತ್ರ ಆಗಲೂ ನೀರು ಈಗಲೂ ನೀರು, ಮಳೆಗಾಲದ ಆ ಜ್ವರ, ಹಾಸಿಗೆ ಬಿಟ್ಟು ಎದ್ದ ದಿನ ಅನ್ನ ಬಾಯಿಗಿಟ್ಟರೆ ಅರಳೆ, ಉಪ್ಪಿನಕಾಯಿ ಇಟ್ಟರೆ ಅರಳೆ, ಇಂಗಿನ ಡಬ್ಬಿಗೆ ಮೂಗು ತೂರಿಸಿದ, ಖಾಲಿ ಡಬ್ಬಿ ಮೂಸಿದಂತೆ, ಜ್ವರ ಹೋದ ಹಿಂದೆಯೇ ಬರುತ್ತದೆ ಅಂದುಕೊಂಡ, ದಸರೆಗೆ ಬರುತ್ತದೆ, ದೀಪಾವಳಿಗೆ ಬರುತ್ತದೆ, ಬರಲಿಲ್ಲ, ಯಾರಿಗೂ ಹೇಳಲಿಲ್ಲ, ಲವಂಗವನ್ನು ಉಗುರಿನಿಂದ ಒತ್ತಿ ಎಣ್ಣೆ ನೋಡಿದ, ಮೆಣಸನ್ನು ಅಂಗೈಯಲ್ಲಿ ಅಲುಗಿಸಿ ಸಪ್ಪಳ ಕೇಳಿದ, ಉಳಿದದ್ದು ಗತ್ತು, ಗಿರಾಕಿ ಮುಂದೆ ಕಣ್ಣು ಮುಚ್ಚುವ ಗತ್ತು, ಒಮ್ಮೆ ಪಕ್ಕದಲ್ಲೇ ಹಾಲು ಸೀದು ಪಾತ್ರೆ ಕರಿಯಾದರೂ ಕೂತೇ ಇದ್ದ, ಶರಣಮ್ಮ ಓಡಿ ಬಂದಳು, ಕಣ್ಣು ಹತ್ತಿತ್ತವ್ವ ಅಂದ, ಅವಳು ನಂಬಿದಳು. ಹೇಳಿದರೆ ಏನಾಗುತ್ತದೆ ಅನ್ನುವುದು ಗೊತ್ತು, ಪಂಚಾಕ್ಷರಿ ಒಳ್ಳೆಯವನೇ, ಅಪ್ಪಾ ನೀವಿನ್ನ ಮನ್ಯಾಗ ಆರಾಮ ಟಿವಿ ನೋಡ್ರಿ, ಈಗೆಲ್ಲ ಪಾಕೀಟಿನ ಮಾಲು, ನೆಕ್ಕಿ ನೋಡಿ ಯಾರ ತಗೋತಾರ, ಅಂತ ಈಗಲೇ ವಾರಕ್ಕೊಮ್ಮೆ ಅನ್ನುತ್ತಾನೆ, ಅಂಗಡಿಯ ಗಾದಿಯ ಮೇಲೆ ಈ ಮುದುಕ ಕೂತಿರುವುದು ನಾಲಿಗೆಯ ಪುಣ್ಯದಿಂದ, ಅದು ಸತ್ತಿದೆ ಅಂದರೆ ಗಾದಿಯೂ ಹೋಯಿತು. ಹೆಂಡತಿ ಗಿರಿಜವ್ವ ಇದ್ದಿದ್ದರೆ ಹೇಳುತ್ತಿದ್ದನೇನೋ, ಇಲ್ಲ, ಹೇಳುವುದೇ ಬೇಕಿರಲಿಲ್ಲ ಅವಳಿಗೆ, ಮುರುಗಲು ಕಷಾಯ ಕುದಿಸಿದಾಗ ಸೌಟಿಗೆ ಬಾಯಿ ಹಚ್ಚಿದರೆ ಎಂಜಲು ಅಂತ ಅವನ ಅಂಗೈ ಎಳೆದುಕೊಂಡು ಒಂದು ಹನಿ ಬೀಳಿಸುತ್ತಿದ್ದಳು, ಬಿಸಿ ಐತಿ, ಊದ್ಕೋರಿ, ಅನ್ನುತ್ತಿದ್ದಳು, ಅಂಗೈ ಗುಳಿಯಲ್ಲಿ ಕೆಂಪು ಹನಿ, ಅವನು ನೆಕ್ಕುವಾಗ ಮುಖ ನೋಡಿಯೇ ಶುಂಠಿ ಕಡಿಮೆಯಾಯಿತು ಅಂತ ತಿಳಿಯುತ್ತಿದ್ದಳು, ಮುಖಕ್ಕೆ ಗತ್ತು ಕಲಿಸಿದ್ದು ಅವಳು ಹೋದ ಮೇಲೆ.

ಅಪ್ಪಾ, ಏನರ ಹೇಳ್ರಿ, ಪಂಚಾಕ್ಷರಿಯ ಧ್ವನಿಯಲ್ಲಿ ಹಸಿವಿನ ಸಿಡುಕು, ನುಂಗಿದ, ಗಂಟಲಲ್ಲಿ ಬಿಸಿ ಇಳಿದು ಹೋಯಿತು, ಇನ್ನು ಹೇಳಲೇಬೇಕು, ಶರಣಮ್ಮ ಸೌಟು ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡಿದ್ದಾಳೆ, ಈ ಮನೆಗೆ ಬಂದಾಗಿನಿಂದ ಆ ಹುಡುಗಿ ಏನು ಮಾಡಿದರೂ ನಿಮ್ಮತ್ತಿ ಕೈ ಬ್ಯಾರೆ ಇತ್ತವ್ವ ಅಂತಲೇ ಅಂದಿದ್ದಾನೆ, ಸಾರಿಗೆ ಅಂದ, ಹೋಳಿಗೆಗೆ ಅಂದ, ರುಚಿಯೇ ತಿಳಿಯದ ಈ ತಿಂಗಳುಗಳಲ್ಲೂ ಅಂದ, ಅದು ಸುಲಭದ ಮಾತು ನೋಡು, ತಿನ್ನದೆಯೂ ಹೇಳಬಹುದು, ಥೂ. ಹಾಗಾದರೆ ಇವತ್ತಾದರೂ ಒಳ್ಳೆಯದು ಹೇಳೋಣ, ಗಿರಿಜವ್ವನ ಕಷಾಯ ನೆನಪಿದೆಯಲ್ಲ, ಅದಕ್ಕೇ ಇವಳ ಸಂತ್ರಿ, ಅನಾನಸು ಸೇರಿಸಿ ಹೇಳಿದರಾಯಿತು. ಬರಕೋ ಜಹಾಂಗೀರ, ಮೊದಲ ಹುಳಿ ಬರತೈತಿ, ಮಲಗಿದ ಬಾಯಿ ಎಬ್ಬಿಸಿದಂಗ, ಅದರ ಹಿಂದ ಸಂತ್ರಿ ಸಿಪ್ಪಿ, ಒಂಚೂರು ಕಹಿ, ಬ್ಯಾಡ ಅನ್ನೂವಷ್ಟಲ್ಲ, ಅನಾನಸು ಬಂದು ಅದನ್ನ ಸಮಾಧಾನ ಮಾಡತೈತಿ, ಗಂಟಲಕ್ಕ ಬಂದಾಗ ಶುಂಠಿ, ಕಡೀಕ ದಾಲ್ಚಿನ್ನಿ, ಅದು ನುಂಗಿದ ಮ್ಯಾಲೂ ಹೋಗೂದಿಲ್ಲ, ಹೊಸ್ತಲದಾಗ ನಿಂತು ಮಾತಾಡೂ ಬೀಗರ ಗತೆ — ಜಹಾಂಗೀರ ತೊಡೆ ತಟ್ಟಿ ನಕ್ಕ, ಪಂಚಾಕ್ಷರಿಯೂ ನಕ್ಕ, ಸೋಮಲಿಂಗಪ್ಪನಿಗೇ ಆಶ್ಚರ್ಯ, ಹೇಳುತ್ತ ಹೇಳುತ್ತ ನಾಲಿಗೆಯ ಬುಡದಲ್ಲಿ ಏನೋ ಸುಳಿದಂತಾಯಿತು, ಇಲ್ಲ, ಸುಳಿಯಲಿಲ್ಲ, ಬರೀ ಮಾತು. ನಿಮ್ಮತ್ತಿ ಕೈಕಿಂತ ಒಂದು ತೂಕ ಹೆಚ್ಚ ಐತವ್ವ, ಇದನ್ನು ಯಾಕೆ ಸೇರಿಸಿದ, ಶರಣಮ್ಮ ತಿರುಗಿ ಸ್ಟೋವು ಆರಿಸಿದಳು, ಆರಿಸಿದ ಸ್ಟೋವಿನ ಕೀಲಿಯನ್ನೇ ಮತ್ತೆ ತಿರುಗಿಸುತ್ತ ನಿಂತಳು, ಅಳುತ್ತಿದ್ದಾಳೆ ಹುಚ್ಚಿ, ಒಂದು ಸುಳ್ಳು ಮಾತಿಗೆ ಅಳುತ್ತಿದ್ದಾಳೆ. ಆತ್ರಿ ಹಂಗಾರ, ಜಹಾಂಗೀರ ಡಬ್ಬಿಯನ್ನು ಚೀಲಕ್ಕೆ ಇಳಿಸಿದ, ಇವತ್ತ ಸಂಜೀಕ ಮಾಲಕರ ಮುಂದ ನನ್ನ ರೋಜಾ ಬಿಡೂದೂ ಇದರಲೇನ ನೋಡ್ರಿ. ನಾನೂ ಪೂಜಾ ಮುಗಿಸಿ ಇದನ್ನ ಕುಡೀತೇನಿ ಅಣ್ಣಾರ, ಅಂದಳು ಶರಣಮ್ಮ, ಬೆನ್ನು ಹಾಕಿಕೊಂಡೇ ಅಂದಳು.

ಮುಗಿಯಿತು, ಇನ್ನು ಒಂದು ಗಳಿಗೆ ಅಡ್ಡಾಗಬೇಕು, ಬೆನ್ನೆಲ್ಲ ನೋವು, ಮೇಲಿನ ಕಿಂಡಿಯಿಂದ ಬಿಸಿಲು ನೆಲಕ್ಕೆ ಬಿದ್ದಿದೆ, ಬಿಸಿಲಿನಲ್ಲಿ ಮೊರ, ಮೊರದಲ್ಲಿ ಉಳಿದ ಮುರುಗಲು ಸಿಪ್ಪೆ ನಾಲ್ಕಾರು, ಕಪ್ಪು ಕೆಂಪು, ಅದರ ಮೇಲೆ ಏನದು ಬೆಳ್ಳಗೆ, ಬೂಷ್ಟೇನೋ, ಬೂಷ್ಟಾದರೆ ಹತ್ತಿಯ ಹಾಗೆ ಇರುತ್ತದೆ, ಇದು ಮಿನುಗುತ್ತಿದೆ, ಹಳೇ ಗೋಡೆಯಲ್ಲಿ ಏಳುತ್ತದಲ್ಲ ಹಾಗೆ, ಉಪ್ಪು. ಉಪ್ಪು ಹಚ್ಚಿ ಒಣಗಿಸಿದ ಮುರುಗಲು, ಇಲ್ಲಿನವರು ಸೋಲಾಂ ಅಂತ ಮೀನಿನ ಸಾರಿಗೆ ಒಯ್ಯುವುದು, ಶರಬತ್ತಿಗೆ ಹಾಕುವ ಸಪ್ಪೆಯದು ಬೇರೆ, ಎರಡೂ ಡಬ್ಬಿ ಅಂಗಡಿಯ ಕತ್ತಲ ಮೂಲೆಯಲ್ಲಿ, ಸಪ್ಪೆಯದು ಮೇಲಿನ ಹಲಗೆಗೆ, ಯಾವತ್ತೂ ಮೇಲಿನ ಹಲಗೆಗೆ, ಹಬ್ಬಕ್ಕೆ ಅಂತ ಪಂಚಾಕ್ಷರಿ ನಿನ್ನೆ ಹಲಗೆಗಳನ್ನೆಲ್ಲ ಒರೆಸಿದ್ದ, ಒರೆಸಿ ಡಬ್ಬಿಗಳನ್ನು ಅದಲುಬದಲಾಗಿ ಇಟ್ಟಿದ್ದ, ಬೆಳಿಗ್ಗೆ ಶರಣಮ್ಮ ತಟ್ಟೆ ಹಿಡಿದು ನಿಂತಿದ್ದಳು, ಮಾವಾರ, ಸಪ್ಪಂದ ಹೌದಲ್ರಿ, ನೀವ ಒಂಚೂರು ಬಾಯಾಗ ಹಾಕ್ಕೊಂಡು ನೋಡ್ರಿ, ನಂದು ಉಪವಾಸ — ಹಾಕಿಕೊಂಡ, ಕಣ್ಣು ಮುಚ್ಚಿದ, ಗತ್ತಿನಿಂದ ತಲೆಯಾಡಿಸಿದ, ಸಪ್ಪಂದ ತಗೋ. ಅಯ್ಯೋ ಶಿವನೇ, ಡಬ್ಬಿ ತುಂಬ ಉಪ್ಪು, ದಿನವಿಡೀ ಒಣಗಿದ ಬಾಯಿಗೆ ಜಹಾಂಗೀರ ಅದನ್ನು ಹಾಕಿಕೊಳ್ಳುತ್ತಾನೆ, ಈ ಹುಡುಗಿಯೂ ಹಾಕಿಕೊಳ್ಳುತ್ತಾಳೆ, ಸಂಜೆಗೆ ಎಲ್ಲ ಗೊತ್ತಾಗುತ್ತದೆ, ಮತ್ತು ಆಗ — ಇಲ್ಲಿ ಅವನ ಲೆಕ್ಕ ಸ್ವಲ್ಪ ನಿಂತಿತು — ಆಗ ಮುದುಕನಿಗೆ ಏನೂ ಆಗುವುದಿಲ್ಲ, ಪಾಪ, ಸೊಸಿ ಮನಸ ನೋಯಬಾರದು ಅಂತ ಉಪ್ಪು ನುಂಗಿ ಹೊಗಳಿದ್ರು ಅನ್ನುತ್ತಾರೆ, ಎಷ್ಟು ದೊಡ್ಡ ಮನುಷ್ಯ ಅನ್ನುತ್ತಾರೆ, ಬೈಗುಳವೆಲ್ಲ ಅವಳಿಗೆ, ಹದ ಗೊತ್ತಿಲ್ಲ, ಕೈ ಇಲ್ಲ, ಹೋಟೆಲ್ಲಿನವರು ಇನ್ನು ಈ ಕಡೆ ತಲೆ ಹಾಕುವುದಿಲ್ಲ, ಅವಳು ಎದುರು ಮಾತಾಡುವವಳಲ್ಲ, ಮಾವಾರ ನೀವ ನೋಡಿ ಕೊಟ್ಟಿದ್ರಿ ಅಂತ ಯಾರ ಮುಂದೆಯೂ ಅನ್ನುವವಳಲ್ಲ, ಸುಮ್ಮನಿದ್ದರೆ ಸಾಕು, ಬಾಯಿ ಮುಚ್ಚಿಕೊಂಡು ಇದ್ದರೆ ಸಾಕು, ಗಾದಿ ಉಳಿಯುತ್ತದೆ. ಹೊರಗೆ ಜಹಾಂಗೀರ ಸ್ಕೂಟರಿಗೆ ಒದೆಯುತ್ತಿದ್ದಾನೆ, ಹತ್ತಲಿಲ್ಲ, ಮತ್ತೆ ಒದ್ದ.

ಹತ್ತಿತು, ಸಪ್ಪಳ ಬಂತು, ಹೋಗಲಿ ಬಿಡು, ಯಾರಿಗೆ ಬೇಕು ಈ ಉಸಾಬರಿ, ವಯಸ್ಸಾಯಿತು, ಸಾಕಾಗಿದೆ, ಆದರೆ ಸಾಕಾಗಿರುವುದು ಯಾವುದು, ಎಲ್ಲರ ಮುಂದೆ ಕಣ್ಣು ಮುಚ್ಚುವುದಲ್ಲವೇ, ಅರಳೆ ನುಂಗಿ ಹದವಾಗಿದೆ ಅನ್ನುವುದಲ್ಲವೇ, ಅವನ ಕಾಲು ಅವನಿಗಿಂತ ಮೊದಲು ಎದ್ದಿತು, ಜಹಾಂಗೀರ, ಗಾಡಿ ಬಂದ್ ಮಾಡೋ, ಒಳಗ ಬಾ, ಆ ಡಬ್ಬಿ ಕೊಡು ಇಲ್ಲಿ. ಬಂದ, ಏನಾತ್ರಿ ಸಾವ್ಕಾರ್ರ ಅಂದ, ಮುರುಗಲು ಉಪ್ಪಿಂದೈತಿ, ಆಕೀ ತಪ್ಪಲ್ಲ, ನಾನ ನೋಡಿ ಕೊಟ್ಟೇನಿ. ಪಂಚಾಕ್ಷರಿ ನಕ್ಕ, ಅಪ್ಪಾ, ಈಗ ಒಂದು ಗುಟುಕು ಕುಡದ್ರಲ್ಲ, ಉಪ್ಪಿದ್ದರ ನಿಮಗ ಗೊತ್ತಾಗತಿರಲಿಲ್ಲೇನ, ನಗುತ್ತಲೇ ಅಂದ, ನಗು ಅರ್ಧಕ್ಕೇ ನಿಂತಿತು, ಶರಣಮ್ಮ ಮೊರದ ಕಡೆ ನೋಡಿದಳು, ಆಮೇಲೆ ಅವನ ಕಡೆ, ಸೀದ ಹಾಲು, ಕಣ್ಣು ಹತ್ತಿತ್ತವ್ವ, ಎಲ್ಲವೂ ಅವಳ ಮುಖದಲ್ಲಿ ಒಂದೊಂದಾಗಿ ಹಾದುಹೋಗುತ್ತಿವೆ, ಅವನು ಕೈ ಚಾಚಿದ, ಅಂಗೈ ಮೇಲೆ ಮಾಡಿ, ಹಾಕವ್ವ ಒಂದು ಹನಿ. ಅವಳು ಪಾತ್ರೆಯಿಂದ ಸೌಟು ಎತ್ತಿದಳು, ಬಿಸಿ ಐತ್ರಿ ಮಾವಾರ, ಊದ್ಕೋರಿ, ಅಂದಳು, ಯಾರು ಕಲಿಸಿದರು ಇವಳಿಗೆ ಆ ಮಾತು, ಅವನು ಊದಲಿಲ್ಲ, ಬಾಯಿಗೂ ಒಯ್ಯಲಿಲ್ಲ, ಬಿಸಿ ಅಷ್ಟ ತಿಳೀತೈತವ್ವ, ಮಳಿಗಾಲದಿಂದ ನನಗ ಬಿಸಿ ಅಷ್ಟ ತಿಳೀತೈತಿ, ನಿನ್ನ ಚಹಾ ಹೆಂಗೈತಿ ನನಗ ಗೊತ್ತಿಲ್ಲ, ಅಂದ, ಅಂದನೋ ಅಂದುಕೊಂಡನೋ, ಅಂದೇಬಿಟ್ಟ, ಯಾಕೆಂದರೆ ಅವಳ ಇನ್ನೊಂದು ಕೈ ಅವನ ಕೈಯನ್ನು ಕೆಳಗಿನಿಂದ ಹಿಡಿದುಕೊಂಡಿದೆ, ಬೀಳದಂತೆ, ಚೆಲ್ಲದಂತೆ, ಅವನು ನೋಡುತ್ತಿದ್ದಾನೆ, ಅಂಗೈ ಗುಳಿಯಲ್ಲಿ ಕೆಂಪು ಹನಿ, ಸುಡುತ್ತಿದೆ, ಕೆಂಪು ಹನಿ.