ಹದಿನಾಲ್ಕನೇ ತಾರೀಖಿನ ಮದುವೆ

ಬಿಲಿಯಾತಿಯ ಮನೆಯ ಕೆಂಪು ಹುಂಜಕ್ಕೆ ಇಂದಿನಿಂದ ಯಾರೂ ಕಲ್ಲು ಬೀಸಕೂಡದು, ಅದು ಮದುವೆಗೆ ಹೊರಟಿದೆ ಎಂದು ಊರ ಮುಖ್ಯಸ್ಥರು ಎದ್ದು ನಿಂತು, ಟೋಪಿ ತೆಗೆದು ಘೋಷಿಸಿದರು. ಆ ಹೊತ್ತಿಗೆ ಹುಂಜ ಅವರದೇ ಅಂಗಳದಲ್ಲಿ ಒಣಗಹಾಕಿದ್ದ ಮೆಕ್ಕೆಜೋಳ ಮುಕ್ಕುತ್ತಿತ್ತು.

ಮದುವೆ ಡೊಲಿಕಾಳದು. ಬೇಗ ಬರ್ತೀನಿ ಎಂದು ಅವಳಿಗೆ ಹೇಳಿ ಸಿಪಾಯಿಯಾಗಿ ಹೋದ ಲಮೆಕಿ ಬರ್ಮಾದ ಯುದ್ಧಭೂಮಿ ಸೇರಿ ಎರಡು ವರ್ಷವಾಗಿತ್ತು. ಗಂಡು ಗುಂಡಿನ ನಡುವೆ ಇದ್ದರೂ ಮದುವೆಗೇನೂ ಅಡ್ಡಿಯಿರಲಿಲ್ಲ. ಆಫ್ರಿಕಾದ ಈ ಚೆವಾ ಜನರಲ್ಲಿ ಗಂಡಿನ ಸೋದರಮಾವ ಹುಂಜ ಕೊಟ್ಟು, ಹೆಣ್ಣಿನ ಸೋದರಮಾವ ಹೇಂಟೆ ಕೊಟ್ಟರೆ ಮುಗಿಯಿತು. ಗಂಡು ಬಂದರೆ ಊಟಕ್ಕೊಂದು ಬಾಯಿ ಹೆಚ್ಚು, ಅಷ್ಟೇ.

ಡೊಲಿಕಾಳಿಗೆ ಅವಸರವಿದ್ದದ್ದು ಸುದ್ದಿಗೆ. ಲಮೆಕಿಯ ಕಾಗದಗಳೆಲ್ಲ ಅವನ ಸೋದರಮಾವ ಬಿಲಿಯಾತಿಯ ಹೆಸರಿಗೇ ಬರುತ್ತಿದ್ದವು. ಬಿಲಿಯಾತಿ ಅವನ್ನು ಮರದ ಕೆಳಗೆ, ಊರೆಲ್ಲ ಕೇಳುವಂತೆ ಓದಿಸುತ್ತಿದ್ದ. ಮದುವೆಯಾಗದ ಹುಡುಗಿಯ ಹೆಸರನ್ನು ಅಂಥ ಕಾಗದದಲ್ಲಿ ಬರೆಯುವುದು ಹೇಗೆ? ಲಮೆಕಿ ಆಡಿನ ಆರೋಗ್ಯ, ಅತ್ತೆಯ ಮಂಡಿನೋವು ಎಲ್ಲ ವಿಚಾರಿಸಿ, ಕೊನೆಗೆ 'ಬಾವಿಯ ಆಚೆಯವರಿಗೂ ನಮಸ್ಕಾರ' ಎಂದು ಬರೆಸುತ್ತಿದ್ದ. ಬಾವಿಯ ಆಚೆ ಇದ್ದದ್ದು ಒಂದೇ ಮನೆ. ಆ ನಮಸ್ಕಾರ ಕೇಳಲು ಅವಳು ಖಾಲಿ ಕೊಡ ಹೊತ್ತು ಬಂದು ಹಿಂದೆ ನಿಲ್ಲುತ್ತಿದ್ದಳು.

ನಾಲ್ಕು ತಿಂಗಳಿಂದ ಕಾಗದವಿಲ್ಲ. ಬಿಲಿಯಾತಿ ಜಿಲ್ಲಾ ಕಚೇರಿಗೆ ಹೋಗಿ ಕೇಳಿದ್ದ. ಸಿಪಾಯಿಯ ಸುದ್ದಿಯನ್ನು ತಂದೆ, ತಾಯಿ, ಹೆಂಡತಿ, ಈ ಮೂವರಿಗೆ ಬಿಟ್ಟು ಯಾರಿಗೂ ಹೇಳುವುದಿಲ್ಲ ಎಂದರಂತೆ. ಲಮೆಕಿಯ ತಂದೆತಾಯಿ ಎಂದೋ ತೀರಿಕೊಂಡಿದ್ದರು. ಸೋದರಮಾವ ಸರ್ಕಾರದ ಕಣ್ಣಿಗೆ ಬರೀ ಒಬ್ಬ ಮುದುಕ. ಅವಮಾನದಿಂದ ಕುದಿಯುತ್ತ ಬಂದವನಿಗೆ ಡೊಲಿಕಾಳೇ ದಾರಿ ತೋರಿಸಿದಳು: "ಹಾಗಾದ್ರೆ ಹೆಂಡ್ತೀನೇ ಕರ್ಕೊಂಡು ಹೋಗು ಮಾವ."

ಹದಿನಾಲ್ಕನೇ ತಾರೀಖು ಹುಂಜ ಆ ಕೈಗೆ, ಹೇಂಟೆ ಈ ಕೈಗೆ ಹೋದವು. ಹೆಂಗಸರು ಕೇಕೆ ಹಾಕಿ ಕುಣಿದರು. ಇಂಥ ಗಂಡ ಸಿಕ್ಕರೆ ಗೊರಕೆಯ ಕಾಟವೇ ಇಲ್ಲ ಎಂದು ಅತ್ತಿಗೆ ಚುಡಾಯಿಸಿದಳು. ಡೊಲಿಕಾ ನಕ್ಕಳು. ಮುಖ್ಯಸ್ಥರು ಮದುವೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಅವಳು ಬಿಲಿಯಾತಿಯ ಜೊತೆ ನಡೆಯತೊಡಗಿದಳು. ದಾರಿಯುದ್ದಕ್ಕೂ ಅವನು, ಸಿಪಾಯಿಯ ಹೆಂಡತಿ ಹೇಗೆ ನಿಲ್ಲಬೇಕು, ಹೇಗೆ ಉತ್ತರಿಸಬೇಕು ಎಂದು ಪಾಠ ಹೇಳಿದ.

ಗುಮಾಸ್ತ ಒಳ್ಳೆಯವನು. ಪತ್ರವನ್ನು ಎರಡು ಸಲ ಓದಿ ಶುಭ ಕೋರಿದ. ದಪ್ಪ ಪುಸ್ತಕವೊಂದನ್ನು ತೆಗೆದು ಹೆಸರುಗಳ ಮೇಲೆ ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು. ಆ ಪುಸ್ತಕವನ್ನು ಮುಚ್ಚಿ, ಬೀರುವಿನಿಂದ ಕಪ್ಪು ರಟ್ಟಿನ ತೆಳ್ಳಗಿನ ಇನ್ನೊಂದನ್ನು ತಂದ.

"ಮದುವೆ ಆಗಿದ್ದು ಹದಿನಾಲ್ಕಕ್ಕೆ ಅಲ್ವೇನಮ್ಮ?"

"ಹೌದು ಸ್ವಾಮಿ. ನಿನ್ನೆ."

"ಹದಿನೈದು ದಿನ ಮುಂಚೆ ಆಗಿದ್ರೆ ನಡೀತಿತ್ತು. ಇವನ ಹೆಸ್ರು ಎರಡನೇ ತಾರೀಖೇ ಈ ಪುಸ್ತಕಕ್ಕೆ ಬಂದ್ಬಿಟ್ಟಿದೆ. ಇದಕ್ಕೆ ಬಂದ್ಮೇಲೆ ಆದ ಮದುವೇನ ನಾವು ಬರ್ಕೊಳ್ಳೋ ಹಾಗಿಲ್ಲ."

ಬಿಲಿಯಾತಿ ಮೇಜಿಗೆ ಹತ್ತಿರವಾದ. "ಹುಂಜ ಕೊಟ್ಟೋನು ನಾನು. ನಾನು ಎರಡನೇ ತಾರೀಖೂ ಊರಲ್ಲೇ ಇದ್ದೆ, ಹದಿನಾಲ್ಕಕ್ಕೂ ಊರಲ್ಲೇ ಇದ್ದೆ. ಬೇಕಾದ್ರೆ ಊರೋರ್ನೆಲ್ಲ ಕೇಳಿ."

ಗುಮಾಸ್ತ, ಅಜ್ಜನ ಮಾತು ಸರಿಯೇ, ಆದರೆ ನಿಯಮದಲ್ಲಿ ಅಜ್ಜನಿಗೆ ಜಾಗವಿಲ್ಲ ಎಂದು ಮೆತ್ತಗೆ ವಿವರಿಸಿದ. ಪತ್ರವನ್ನು ಮಡಿಚಿದ್ದ ಗೆರೆಯಲ್ಲೇ ಮಡಿಚಿ ಹಿಂದಕ್ಕೆ ಕೊಟ್ಟ.

ಡೊಲಿಕಾ ಅದನ್ನು ತೆಗೆದುಕೊಳ್ಳಲಿಲ್ಲ. "ಅದು ಯಾವ ಪುಸ್ತಕ ಸ್ವಾಮಿ?"

ಅವನು ಕಿಟಕಿಯ ಕಡೆ ನೋಡಿದ. "ಅದನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಕು ಕಣಮ್ಮ."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿದರು. ಗುಮಾಸ್ತ ಪುಸ್ತಕ ಮುಚ್ಚಿದ. ಆದರೆ ಒಂದು ಬೆರಳು ಪುಟಗಳ ನಡುವೆಯೇ ಉಳಿದಿತ್ತು. ಡೊಲಿಕಾ ಆ ಬೆರಳನ್ನೇ ನೋಡುತ್ತ ನಿಂತಳು.