ಬಿಂದಿಗೆಯ ನೀರು

ಚನ್ನರಾಯಪಟ್ಟಣದ ತಮ್ಮ ಮನೆಯ ಹಜಾರದಲ್ಲಿ ನಿಧಿ ಒಂದು ಗಾಜಿನ ತೊಟ್ಟಿ ಇಟ್ಟಿದ್ದಳು. ಒಳಗೆ ಅವಳೇ ನೆಟ್ಟು ಬೆಳೆಸಿದ ನೀರಗಿಡಗಳು, ಗಿಡದ ತುಂಬ ಅಕ್ಕಿಕಾಳಿನಷ್ಟು ಕೆಂಪು ಸೀಗಡಿಗಳು. ಗಂಡ ನಟರಾಜನಿಗೆ ಆ ಜಾಗದಲ್ಲಿ ದೊಡ್ಡ ಟಿವಿ ಬೇಕಿತ್ತು. ಇವಳು ಜಗ್ಗಿರಲಿಲ್ಲ.

ತಂಗಿಯ ಬಾಣಂತನಕ್ಕೆ ಅರಕಲಗೂಡಿಗೆ ಹೊರಟಾಗ ಅವನೊಬ್ಬನಿಗೇ ಹೇಳಿದ್ದಳು: "ನೀರು ಕಮ್ಮಿಯಾದ್ರೆ ಉಯ್ರಿ. ತಾಮ್ರದ ಪಾತ್ರೇಲಿಟ್ಟ ನೀರು ಮಾತ್ರ ಬ್ಯಾಡ ಕಣ್ರೀ, ಸೀಗಡಿಗೆ ತಾಮ್ರ ಅಂದ್ರೆ ವಿಷ."

"ಅಷ್ಟೂ ಗೊತ್ತಾಗಲ್ವಾ ನಂಗೆ?" ಎಂದು ನಕ್ಕಿದ್ದ, ಪುಣ್ಯಾತ್ಮ.

ಮರಳಿ ಬಂದಾಗ ಗಿಡಗಳು ನಳನಳಿಸುತ್ತಿದ್ದವು. ಅವುಗಳ ಬುಡದಲ್ಲಿ ಸೀಗಡಿಗಳೆಲ್ಲ ಬಿಳಿಚಿಕೊಂಡು ಸತ್ತು ಬಿದ್ದಿದ್ದವು.

"ಕರೆಂಟ್ ಓಗಿ ತೊಟ್ಟಿಗೆ ಗಾಳಿ ಬಿಡೋ ಪಂಪು ನಿಂತಿತ್ತು, ಏನ್ ಮಾಡಾಕಾಯ್ತದೆ?" ಎಂದ ನಟರಾಜ. ನಿಧಿ ನಂಬಿದಳು. ಅಳು ನುಂಗಿಕೊಂಡು ಅವನನ್ನೇ ಸಮಾಧಾನ ಮಾಡಿದಳು.

ಅತ್ತೆ ನೀಲಾಂಬಿಕೆಯೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಪಾಪ, ನನ್ ಮಗ ಬಾಳ ಮುತುವರ್ಜಿಯಿಂದ ನೋಡ್ಕಂಡ ಕಣವ್ವ. ನಲ್ಲಿ ನೀರು ಮುಟ್ಟುಸ್ನಿಲ್ಲ. ನಾವು ಕುಡಿಯಾಕೆ ತುಂಬಿಡೋ ತಾಮ್ರದ ಬಿಂದಿಗೆ ನೀರ್ನೇ ದಿನಾ ಉಯ್ತಿದ್ದ."

ನಿಧಿ ಗಂಡನತ್ತ ತಿರುಗಿದಳು. ಅವನು ತಲೆ ಎತ್ತಲಿಲ್ಲ. ವಿಷ ಯಾವುದೆಂದು ಅವನಿಗೆ ಹೇಳಿಕೊಟ್ಟವಳು ತಾನೇ.